ತಾಳೆ ಬೀಳುವ ಎಳೆಗಳು: ಜಪಾನಿನ ಕುಮಿಹಿಮೊ ವಿದ್ಯೆ ಮತ್ತು ಅದರ ಕಲಿಕೆಯ ವೆಚ್ಚ

ದುಂಡನೆಯ ಮರದ ಪೀಠವೊಂದರ ಅಂಚಿನಿಂದ ಎಂಟು ಉರುಳೆಗಳು ಇಳಿಬಿದ್ದಿವೆ. ಒಂದೊಂದರ ತೂಕ 70 ಗ್ರಾಂ. ಒಟ್ಟು 560 ಗ್ರಾಂ. ಪೀಠದ ನಡುವಣ ರಂಧ್ರದ ಮೂಲಕ ಕೆಳಗಿಳಿಯುವ ಹೆಣಿಗೆಯ ತುದಿಗೆ ಪುಟ್ಟ ಚೀಲವೊಂದನ್ನು ಕಟ್ಟಲಾಗಿದೆ. ಅದರೊಳಗಿನ ತೂಕ ಸುಮಾರು 270 ಗ್ರಾಂ, ಅಂದರೆ ಉರುಳೆಗಳ ಒಟ್ಟು ಭಾರದ ಅರ್ಧಕ್ಕಿಂತ ತುಸು ಕಡಿಮೆ. ಚೀಲದ ಭಾರವನ್ನು ಇಳಿಸಿದರೆ ಹೆಣಿಗೆ ಗಟ್ಟಿಯಾಗುತ್ತದೆ, ಏರಿಸಿದರೆ ಸಡಿಲವಾಗಿ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಎರಡೂ ಕಡೆಯ ತೂಕಗಳು ಸರಿಯಾದ ಪ್ರಮಾಣದಲ್ಲಿ ಹೊಂದಿಕೊಂಡಾಗ ಮಾತ್ರ ರೇಷ್ಮೆಯ ದಾರ ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪದಲ್ಲಿ, ಒಂದೇ ಓರೆಯಲ್ಲಿ ಇಳಿದುಬರುತ್ತದೆ. ಜಮಾ-ಖರ್ಚು ಬರೆದು ರೂಢಿಯಿರುವವರಿಗೆ ಈ ಏರ್ಪಾಡು ಹೊಸದೆನಿಸಲಾರದು.

ಈ ವಿದ್ಯೆಗೆ ಜಪಾನಿನಲ್ಲಿ ಕುಮಿಹಿಮೊ ಎಂದು ಹೆಸರು. 'ಕುಮಿ' ಎಂದರೆ ಹೆಣೆದು ಕೂಡಿಸುವುದು. 'ಹಿಮೊ' ಎಂದರೆ ದಾರ. ಹಗ್ಗ ಹೊಸೆಯುವುದಕ್ಕೂ ಬಟ್ಟೆ ನೇಯುವುದಕ್ಕೂ ಇದು ಹತ್ತಿರದ ನಂಟಾದರೂ ಎರಡೂ ಅಲ್ಲ. ಹೊಸೆಯುವಾಗ ಎಳೆಗಳು ಒಂದನ್ನೊಂದು ಸುತ್ತಿಕೊಳ್ಳುತ್ತವೆಯೇ ಹೊರತು ದಾಟುವುದಿಲ್ಲ. ನೇಯುವಾಗ ಹಾಸು ಬೇರೆ, ಹೊಕ್ಕು ಬೇರೆ. ಕುಮಿಹಿಮೊದಲ್ಲಿ ಪ್ರತಿಯೊಂದು ಎಳೆಯೂ ಒಮ್ಮೆ ಹಾಸಾಗಿ, ಮರುಗಳಿಗೆಯಲ್ಲಿ ಹೊಕ್ಕಾಗಿ ಓರೆಯಾಗಿ ಸಾಗುತ್ತದೆ. ಮೂರೆಳೆಯ ಜಡೆ ಹೆಣೆಯಬಲ್ಲ ಯಾವ ಮನೆಯಲ್ಲಿಯೂ ಈ ವಿದ್ಯೆಯ ಮೊದಲ ಅಕ್ಷರ ಗೊತ್ತಿರುತ್ತದೆ. ಆದರೆ ಮೂರೆಳೆ ಎಂಟಾಗಿ, ಹದಿನಾರಾಗಿ, ಅರವತ್ತಾದಾಗ ಅದು ವರ್ಷಗಟ್ಟಲೆ ಕಲಿಯಬೇಕಾದ ವೃತ್ತಿಯಾಗುತ್ತದೆ. ಆ ವರ್ಷಗಳ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆ ಜಪಾನಿನ ಈ ಕಸುಬನ್ನು ಇಂದಿಗೂ ಬಿಟ್ಟಿಲ್ಲ.

ಗಿರಾಕಿ ಬದಲಾದ ಬಗೆ

ಚೀನಾ ಮತ್ತು ಕೊರಿಯಾಗಳಿಂದ ಬೌದ್ಧಧರ್ಮದೊಂದಿಗೆ ಬಂದ ಹೆಣಿಗೆಯ ದಾರಗಳು ಜಪಾನಿನಲ್ಲಿ ಮೊದಲು ಸೇವೆ ಸಲ್ಲಿಸಿದ್ದು ದೇವಾಲಯಕ್ಕೆ ಮತ್ತು ಅರಮನೆಗೆ. ನಾರಾ ನಗರದ ತೋದಾಯ್‌ಜಿ ದೇವಾಲಯಕ್ಕೆ ಸೇರಿದ್ದ ಶೋಸೊಯಿನ್ ಭಂಡಾರದಲ್ಲಿ ಎಂಟನೆಯ ಶತಮಾನದ ಇಂತಹ ದಾರಗಳು ಉಳಿದುಬಂದಿವೆ. ಗ್ರಂಥದ ಸುರುಳಿ ಕಟ್ಟಲು, ಪೆಟ್ಟಿಗೆ ಬಿಗಿಯಲು, ರಾಜೋಡುಪಿನ ನಡುಪಟ್ಟಿಗೆ ಎಲ್ಲಕ್ಕೂ ಇವೇ ಬೇಕಾಗಿದ್ದವು. ಅನಂತರ ಬಂದ ಸಮುರಾಯ್ ಯುಗದಲ್ಲಿ ಬೇಡಿಕೆ ಕವಚದ ಕಡೆಗೆ ತಿರುಗಿತು. ಕಬ್ಬಿಣ ಮತ್ತು ತೊಗಲಿನ ಸಣ್ಣ ಫಲಕಗಳನ್ನು ಸಾಲುಸಾಲಾಗಿ ಜೋಡಿಸಲು ಒಂದು ಕವಚಕ್ಕೆ ನೂರಾರು ಮೀಟರ್ ದಾರ ಬೇಕು. ಕತ್ತಿಯ ಒರೆಯನ್ನು ಸೊಂಟಕ್ಕೆ ಬಿಗಿಯುವ ದಾರ ಮತ್ತೊಂದು ಸ್ಥಿರವಾದ ವ್ಯಾಪಾರ. ಇಂದಿನ ತೋಕಿಯೋದ ಉಎನೊ ಪ್ರದೇಶದಲ್ಲಿ 1652ರಲ್ಲಿ ಆರಂಭವಾಗಿ ಈಗಲೂ ನಡೆಯುತ್ತಿರುವ ದೋಮ್ಯೊ ಎಂಬ ವ್ಯಾಪಾರ ಮನೆ ಬೆಳೆದದ್ದು ಇಂತಹ ದಾರಗಳನ್ನು ನಂಬಿಕೊಂಡೇ.

1876ರಲ್ಲಿ ಮೇಯ್‌ಜಿ ಸರ್ಕಾರವು ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಸೈನಿಕರು, ಪೊಲೀಸರು ಮೊದಲಾದ ಕೆಲವರನ್ನು ಬಿಟ್ಟು ಉಳಿದವರೆಲ್ಲರ ಸೊಂಟದಿಂದ ಕತ್ತಿ ಇಳಿಯಿತು. ಕತ್ತಿಯೊಡನೆ ದಾರವೂ ಇಳಿಯಿತು. ಒಂದು ಆಜ್ಞೆಯಿಂದ ಒಂದು ಉದ್ದಿಮೆಯ ಪ್ರಮುಖ ಗಿರಾಕಿಯೇ ಇಲ್ಲವಾದ ಪ್ರಸಂಗವಿದು. ದಾಸ್ತಾನನ್ನು ಅಗ್ಗಕ್ಕೆ ಮಾರಿ ಬಾಗಿಲು ಹಾಕಿದವರು ಇದ್ದಿರಲೇಬೇಕು. ಆದರೆ ಕೈಯಲ್ಲಿದ್ದ ವಿದ್ಯೆಗೆ ಕತ್ತಿಯೇ ಬೇಕೆಂಬ ಹಟವಿರಲಿಲ್ಲ. ಮಹಿಳೆಯರ ಕಿಮೋನೋದ ನಡುಪಟ್ಟಿಯಾದ ಓಬಿಯನ್ನು ಹಿಂಬದಿಯಲ್ಲಿ ಡೋಲಿನಾಕಾರದಲ್ಲಿ ಕಟ್ಟುವ ಪದ್ಧತಿಯನ್ನು 19ನೆಯ ಶತಮಾನದ ಆರಂಭದಲ್ಲಿ ಗೆಯಿಶಾಗಳು ರೂಢಿಗೆ ತಂದರೆಂದು ಹೇಳುತ್ತಾರೆ. ಈ ಬಗೆಯ ಕಟ್ಟು ತಾನಾಗಿ ನಿಲ್ಲದು. ಮೇಲಿನಿಂದ ಒಂದು ದಾರ ಅದನ್ನು ಹಿಡಿದಿಡಬೇಕು. ಓಬಿಜಿಮೆ ಎಂಬ ಆ ದಾರವು ಕತ್ತಿ ನಿಷೇಧದ ಅನಂತರ ಹೆಣಿಗೆಗಾರರ ಹೊಸ ಜೀವನಾಧಾರವಾಯಿತು.

ಮಿಯೆ ಪ್ರಾಂತದ ಇಗಾ ಪ್ರದೇಶದ ಕಥೆ ಇದಕ್ಕೆ ಹೊಂದಿಕೊಂಡೇ ಇದೆ. ಹಿರೊಸಾವಾ ತೊಕುಸಬುರೊ ಎಂಬುವರು ರಾಜಧಾನಿಗೆ ಹೋಗಿ ಹೆಣಿಗೆ ಕಲಿತು, 1902ರಲ್ಲಿ ಊರಿಗೆ ಮರಳಿ ಕಾರ್ಯಾಗಾರ ತೆರೆದರು. ಮುಂದೆ ಬಣ್ಣ ಹಾಕಿದ ರೇಷ್ಮೆಯನ್ನು ವ್ಯಾಪಾರಿಗಳು ಸುತ್ತಲ ಮನೆಗಳಿಗೆ ಕೊಟ್ಟು, ಹೆಣೆದ ದಾರವನ್ನು ಹಿಂಪಡೆದು, ಲೆಕ್ಕದ ಮೇಲೆ ಕೂಲಿ ಕೊಡುವ ವ್ಯವಸ್ಥೆ ಅಲ್ಲಿ ಬೇರೂರಿತು. ಬೀಡಿ, ಊದುಬತ್ತಿ ಕಟ್ಟುವ ಮನೆಗಳನ್ನು ಕಂಡವರಿಗೆ ಇದರ ಸ್ವರೂಪವನ್ನು ವಿವರಿಸಬೇಕಿಲ್ಲ. ಒಬ್ಬನ ಕಲಿಕೆ ಒಂದು ಊರಿನ ಉದ್ದಿಮೆಯಾದ ಬಗೆ ಅಚ್ಚರಿಯದೇ. ಇಂದು ಜಪಾನಿನಲ್ಲಿ ಕುಮಿಹಿಮೊ ಎಂದೊಡನೆ ಇಗಾ ಹೆಸರು ಬರುತ್ತದೆ.

ಪೀಠದ ಮುಂದೆ

ಕಲಿಯಲು ಬಂದವರು ಮೊದಲ ದಿನವೇ ಹೆಣೆಯುತ್ತಾರೆಂದು ಭಾವಿಸಿದರೆ ತಪ್ಪಾದೀತು. ಮೊದಲು ದಾರದ ತಯಾರಿ. ಓಬಿಜಿಮೆಯ ಸಿದ್ಧ ಉದ್ದ ಸುಮಾರು ಒಂದೂವರೆ ಮೀಟರ್. ಅದಕ್ಕೆ ಕತ್ತರಿಸುವ ರೇಷ್ಮೆಯ ಉದ್ದ ಸುಮಾರು 2.7 ಮೀಟರ್. ಈ ವ್ಯತ್ಯಾಸವನ್ನು ಉತ್ಪಾದನಾ ನಷ್ಟವೆಂದು ಬರೆಯುವ ಲೆಕ್ಕಿಗನಿಗೆ ಹೆಣಿಗೆಯ ಸ್ವಭಾವ ತಿಳಿದಿಲ್ಲವೆಂದೇ ಅರ್ಥ. ಎಳೆಗಳು ಓರೆಯಾಗಿ ಸಾಗುವುದರಿಂದ ಉದ್ದದ ದೊಡ್ಡ ಪಾಲು ಹೆಣಿಗೆಯೊಳಗೇ ಅಡಗುತ್ತದೆ. ಉಳಿದದ್ದು ತುದಿಯ ಕುಚ್ಚಿಗೆ ಮತ್ತು ಕಟ್ಟಿಗೆ ಹೋಗುತ್ತದೆ. ಒಂದೊಂದು 'ಎಳೆ'ಯೂ ಹತ್ತಾರು ನಯವಾದ ರೇಷ್ಮೆ ನೂಲುಗಳ ಕಟ್ಟು. ಇವುಗಳಲ್ಲಿ ಒಂದು ನೂಲು ಸಡಿಲವಾಗಿದ್ದರೂ ಹೆಣಿಗೆಯ ಮೈಮೇಲೆ ಕುಣಿಕೆಯಾಗಿ ಎದ್ದು ಕಾಣುತ್ತದೆ. ಆದ್ದರಿಂದ ನೂಲುಗಳನ್ನು ಸಮನಾಗಿ ಎಳೆದು ಉರುಳೆಗೆ ಸುತ್ತುವುದು, ತಾನಾಗಿ ಬಿಚ್ಚದಂತೆ ಆದರೆ ಬೇಕೆಂದಾಗ ಜಾರುವಂತೆ ಅದಕ್ಕೊಂದು ಕುಣಿಕೆ ಹಾಕುವುದು, ಇವೇ ಕಲಿಕೆಯ ಆರಂಭ. ಸೀಸ ತುಂಬಿ ಭಾರ ಮಾಡಿದ ಈ ಮರದ ಉರುಳೆಗೆ 'ತಮಾ' ಎನ್ನುತ್ತಾರೆ.

ದುಂಡು ಪೀಠದ ಹೆಸರು ಮರುದಾಯ್. ನುಣುಪಾದ ಅದರ ಮೇಲ್ಮೈಯನ್ನು 'ಕನ್ನಡಿ' ಎಂಬ ಅರ್ಥ ಬರುವ ಜಪಾನೀ ಪದದಿಂದ ಕರೆಯುತ್ತಾರೆ. ಮೊದಲಿಗೆ ಕಲಿಸುವ ಹೆಣಿಗೆಗಳಲ್ಲಿ ಒಂದಾದ ಎಂಟೆಳೆಯ ಕೊಂಗೊ-ಗುಮಿಯಲ್ಲಿ ಎಂಟು ತಮಾಗಳು ನಾಲ್ಕು ದಿಕ್ಕಿಗೆ ಎರಡೆರಡರಂತೆ ನಿಲ್ಲುತ್ತವೆ. ಉತ್ತರದ ಜೋಡಿಯಿಂದ ಒಂದನ್ನು ದಕ್ಷಿಣಕ್ಕೆ, ದಕ್ಷಿಣದಿಂದ ಒಂದನ್ನು ಉತ್ತರಕ್ಕೆ ಎರಡೂ ಕೈಗಳಿಂದ ಏಕಕಾಲಕ್ಕೆ ದಾಟಿಸಬೇಕು. ಆಮೇಲೆ ಪೂರ್ವ-ಪಶ್ಚಿಮಗಳದ್ದು ಅದೇ ಕ್ರಮ. ಅಷ್ಟೇ. ಇದನ್ನೇ ಸಾವಿರಾರು ಬಾರಿ ಮಾಡುತ್ತ ಹೋದರೆ ಸುರುಳಿಯಾದ ದುಂಡು ದಾರ ರಂಧ್ರದಲ್ಲಿ ಇಳಿಯುತ್ತದೆ. ಕೈಚಲನೆಯನ್ನು ಒಂದಿಷ್ಟೂ ಬದಲಿಸದೆ, ಆರಂಭದಲ್ಲಿ ಬಣ್ಣಗಳನ್ನು ಇಟ್ಟ ಜಾಗಗಳನ್ನು ಮಾತ್ರ ಬದಲಿಸಿದರೆ ದಾರದ ಮೇಲೆ ಗೆರೆ ಬೇಕಾದರೆ ಗೆರೆ, ಚುಕ್ಕಿ ಬೇಕಾದರೆ ಚುಕ್ಕಿ ಮೂಡುತ್ತದೆ. ಆರಂಭದ ಶಿಲ್ಕು ತಪ್ಪಾಗಿದ್ದರೆ ವರ್ಷವಿಡೀ ಬರೆದ ಲೆಕ್ಕವೆಲ್ಲ ತಪ್ಪುವಂತೆ, ಇಲ್ಲಿಯೂ ಮೊದಲ ಜೋಡಣೆಯಲ್ಲಾದ ತಪ್ಪನ್ನು ಮುಂದಿನ ಯಾವ ಜಾಣತನವೂ ಸರಿಪಡಿಸದು.

ನಡುವೆ ಎದ್ದು ಹೋಗುವುದು ಅನನುಭವಿಗೆ ಅಪಾಯ. ಮರಳಿ ಬಂದಾಗ ಯಾವ ಜೋಡಿ ಕೊನೆಗೆ ದಾಟಿತೆಂಬುದು ತಿಳಿಯದೆ ಕ್ರಮ ತಪ್ಪುತ್ತದೆ. ಅದಕ್ಕಾಗಿ ಆವರ್ತದ ಒಂದು ಗೊತ್ತಾದ ಹಂತದಲ್ಲಿ ಮಾತ್ರ ಕೈ ನಿಲ್ಲಿಸುವ ಅಭ್ಯಾಸ ಮಾಡಿಸುತ್ತಾರೆ. ತಪ್ಪಾದರೆ ಮಾಡಿದ ಚಲನೆಗಳನ್ನು ಹಿಮ್ಮುಖವಾಗಿ ನಡೆಸಿ ಬಿಚ್ಚಬೇಕು. ಆದರೆ ಪದೇ ಪದೇ ಬಿಚ್ಚಿದ ರೇಷ್ಮೆ ಮೈ ಒರಟಾಗಿ ಹೊಳಪು ಕಳೆದುಕೊಳ್ಳುತ್ತದೆ. ಅದು ಮಾರಾಟಕ್ಕೆ ಯೋಗ್ಯವಲ್ಲ. ಇನ್ನೂ ಸೂಕ್ಷ್ಮವಾದ ದೋಷವೊಂದಿದೆ. ಬೆಳಗಿನ ಹುರುಪಿನಲ್ಲಿ ಹೆಣೆದ ಭಾಗ ಬಿಗಿಯಾಗಿ, ಸಂಜೆಯ ದಣಿವಿನಲ್ಲಿ ಹೆಣೆದ ಭಾಗ ಸಡಿಲವಾಗಿ, ಎರಡು ಬೇರೆ ಬೇರೆ ದಾರಗಳನ್ನು ಜೋಡಿಸಿದಂತೆ ಕಾಣುವುದು. ಅನುಭವಿ ಕೈಯೆಂದರೆ ವೇಗದ ಕೈ ಎಂದು ಹೊರಗಿನವರು ತಿಳಿಯುತ್ತಾರೆ. ಬಲ್ಲವರು ನೋಡುವುದು ಮೊದಲ ಅಂಗುಲಕ್ಕೂ ಕೊನೆಯ ಅಂಗುಲಕ್ಕೂ ವ್ಯತ್ಯಾಸವಿದೆಯೇ ಎಂಬುದನ್ನು.

ಮರುದಾಯ್ ಕೈಗೆ ಹತ್ತಿದ ಮೇಲೆ ತಕಾದಾಯ್. ಇದು ಪುಟ್ಟ ಮಗ್ಗವನ್ನು ಹೋಲುವ ಎತ್ತರದ ಚೌಕಟ್ಟು. ಎಡಬಲಗಳಲ್ಲಿ ಗೂಟಗಳ ಸಾಲು, ಗೂಟಗಳ ನಡುವೆ ಹಲವು ಹತ್ತು ಎಳೆಗಳು. ಒಂದೊಂದಾಗಿ ಎಳೆಗಳನ್ನು ಮೇಲೆತ್ತಿ, ಕೆಳಗಿಳಿಸಿ, ನಡುವೆ ಒಂದು ಎಳೆಯನ್ನು ಓರೆಯಾಗಿ ತೂರಿಸಿ, ಬಿದಿರಿನ ಖಡ್ಗದಂತಹ ಪಟ್ಟಿಯಿಂದ ಬಡಿದು ಕೂರಿಸಬೇಕು. ಇಲ್ಲಿ ಹುಟ್ಟುವುದು ಚಪ್ಪಟೆ ದಾರ. ಅದರ ಮೇಲೆ ಹೂವು, ಅಲೆ, ಅಕ್ಷರಗಳನ್ನೂ ಮೂಡಿಸಬಹುದು. ಯಾವ ಎಳೆ ಮೇಲೆ, ಯಾವುದು ಕೆಳಗೆ ಎಂಬುದಕ್ಕೆ ಸಾಲುಸಾಲಾಗಿ ಗುರುತು ಮಾಡಿದ ಕಾಗದ ಎದುರಿಗಿರುತ್ತದೆ. ಸರಳವಾದ ದಾರ ದಿನವೊಂದರಲ್ಲಿ ಮುಗಿದರೆ, ಕಸೂತಿಯಂತಹ ವಿನ್ಯಾಸವಿರುವುದು ವಾರಗಳನ್ನು ತಿನ್ನುತ್ತದೆ.

ಕಲಿಕೆಯ ವರ್ಷಗಳನ್ನು ಯಾವ ಖಾತೆಗೆ ಬರೆಯುವುದು?

ಊಹೆಯ ಉದಾಹರಣೆಯೊಂದನ್ನು ತೆಗೆದುಕೊಳ್ಳಬಹುದು. ಪಳಗಿದ ಕೈ ಒಂದು ದಾರವನ್ನು 8 ಗಂಟೆಗಳಲ್ಲಿ ಮುಗಿಸುತ್ತದೆ ಎನ್ನೋಣ. ಕಲಿಯುವವರಿಗೆ 24 ಗಂಟೆ ಬೇಕು. ಮೂರು ದಾರಗಳಲ್ಲಿ ಒಂದು ಮಾರಾಟಕ್ಕೆ ಬಾರದು. ಆಗ ಮೂರಕ್ಕೆ 72 ಗಂಟೆ ವ್ಯಯವಾಗಿ ಎರಡು ಮಾತ್ರ ಕೈಗೆ ಬರುತ್ತವೆ. ಅಂದರೆ ಮಾರಬಲ್ಲ ಒಂದು ದಾರಕ್ಕೆ 36 ಗಂಟೆ, ಪಳಗಿದವರಿಗಿಂತ ನಾಲ್ಕೂವರೆ ಪಟ್ಟು. ಹಾಳಾದ ರೇಷ್ಮೆ ಮತ್ತು ಕಲಿಸುವವರ ಸಮಯ ಇದರಲ್ಲಿ ಸೇರಿಲ್ಲ. ಗಿರಾಕಿಯಂತೂ ಹೆಣೆದವರು ಕಲಿಯುತ್ತಿದ್ದಾರೆಂಬ ಕಾರಣಕ್ಕೆ ಹೆಚ್ಚಿನ ಬೆಲೆ ಕೊಡುವುದಿಲ್ಲ.

ಈ ಖರ್ಚನ್ನು ಆಸ್ತಿಯೆಂದು ಬರೆದು ವರ್ಷವರ್ಷವೂ ಸವಕಳಿ ಮಾಡಲು ಲೆಕ್ಕಶಾಸ್ತ್ರ ಒಪ್ಪುವುದಿಲ್ಲ. ಭಾರತದಲ್ಲಿ ಅಗೋಚರ ಆಸ್ತಿಗಳಿಗೆ ಸಂಬಂಧಿಸಿದ ಲೆಕ್ಕ ಮಾನಕ 26 ಆಗಲಿ, ಅನಂತರ ಬಂದ ಇಂಡ್ ಎಎಸ್ 38 ಆಗಲಿ ತರಬೇತಿಯ ವೆಚ್ಚವನ್ನು ಆಯಾ ವರ್ಷದ ಖರ್ಚೆಂದೇ ಕಾಣಬೇಕೆನ್ನುತ್ತವೆ. ಅದಕ್ಕೆ ನ್ಯಾಯವಾದ ಕಾರಣವೂ ಇದೆ: ಕಲಿತವನು ನಾಳೆ ಎದ್ದು ಹೋದರೆ ಮಾಲೀಕನ ಕೈಯಲ್ಲಿ ಏನೂ ಉಳಿಯದು. ಆದರೆ ಹೀಗೆ ಬರೆದ ಲಾಭ-ನಷ್ಟದ ತಃಖ್ತೆಯನ್ನು ಮಾತ್ರ ನೋಡುವ ಸಣ್ಣ ಕಾರ್ಯಾಗಾರದ ಒಡೆಯನಿಗೆ ಹೊಸಬರನ್ನು ಸೇರಿಸಿಕೊಳ್ಳದಿರುವುದೇ ಲಾಭವೆಂದು ತೋರುತ್ತದೆ. ಆ ಲಾಭ ಹತ್ತು ಹದಿನೈದು ವರ್ಷ ತೋರುತ್ತಲೇ ಇರುತ್ತದೆ. ಹಳಬರ ಕಣ್ಣು ಮಂಜಾದ ದಿನ ಮಾತ್ರ ಅದು ಲಾಭವಾಗಿರಲಿಲ್ಲವೆಂಬುದು ಗೊತ್ತಾಗುತ್ತದೆ.

ವಿದ್ಯೆ ಕಳೆದುಹೋಗುವುದು ಬರಿಯ ಭಯವಲ್ಲ. ಮಧ್ಯಯುಗದ ಕವಚದ ದಾರಗಳನ್ನು ಪೀಠಗಳ ಮೇಲಲ್ಲ, ಕೈಗೆ ಸಿಕ್ಕಿಸಿಕೊಂಡ ಕುಣಿಕೆಗಳನ್ನು ಒಂದರೊಳಗೊಂದು ದಾಟಿಸಿ ಹೆಣೆಯುತ್ತಿದ್ದ ಕುತೆ-ಉಚಿ ಎಂಬ ವಿಧಾನವಿತ್ತು. ಪೀಠಗಳ ಬಳಕೆ ಹಬ್ಬಿದಂತೆ ಅದು ಮರೆಯಾಯಿತು. ಮಸಾಕೊ ಕಿನೊಶಿತ ಎಂಬ ವಿದ್ವಾಂಸೆ ಹಳೆಯ ದಾರಗಳನ್ನೂ ದಾಖಲೆಗಳನ್ನೂ ಹೋಲಿಸಿ ಆ ವಿಧಾನವನ್ನು ಪುನಃ ಕಟ್ಟಿಕೊಟ್ಟು, 1994ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಒಂದು ಕಾಲದಲ್ಲಿ ಸಾಮಾನ್ಯ ಕೆಲಸಗಾರರಿಗೆ ಗೊತ್ತಿದ್ದುದನ್ನು ತಿಳಿಯಲು ಸಂಶೋಧನೆಯೇ ಬೇಕಾಯಿತು.

ಜಪಾನ್ ಸರ್ಕಾರವು ಸಾಂಪ್ರದಾಯಿಕ ಕರಕುಶಲ ಉದ್ದಿಮೆಗಳ ಪ್ರೋತ್ಸಾಹಕ್ಕಾಗಿ 1974ರಲ್ಲಿ ಕಾನೂನೊಂದನ್ನು ಮಾಡಿತು. ಮಾನ್ಯತೆ ಪಡೆಯಲು ವಸ್ತು ನಿತ್ಯಬಳಕೆಯದಾಗಿರಬೇಕು, ತಯಾರಿಕೆಯ ಮುಖ್ಯ ಹಂತಗಳು ಕೈಕೆಲಸವಾಗಿರಬೇಕು, ವಿಧಾನ ಮತ್ತು ಕಚ್ಚಾವಸ್ತು ಸುಮಾರು ನೂರು ವರ್ಷಗಳಿಂದ ಬಂದದ್ದಾಗಿರಬೇಕು, ಆ ಪ್ರದೇಶದಲ್ಲಿ ಕನಿಷ್ಠ 10 ಉದ್ದಿಮೆಗಳು ಅಥವಾ 30 ಮಂದಿ ಕೆಲಸಗಾರರಿರಬೇಕು. ಇಗಾ ಮತ್ತು ಕ್ಯೋತೊ ಪ್ರದೇಶಗಳ ಕುಮಿಹಿಮೊಗೆ 1976ರಲ್ಲಿಯೇ ಈ ಮಾನ್ಯತೆ ದೊರೆಯಿತು. ಉತ್ತರಾಧಿಕಾರಿಗಳ ತರಬೇತಿಗೆ ಸಹಾಯಧನ ನೀಡಲು ಕಾನೂನಿನಲ್ಲಿ ಅವಕಾಶವಿರುವುದು ಇಲ್ಲಿ ಮುಖ್ಯ ಅಂಶ. ಮಾಲೀಕನ ಲೆಕ್ಕದಲ್ಲಿ ಆಸ್ತಿಯಾಗದ ವಿದ್ಯೆಯನ್ನು ದೇಶದ ಲೆಕ್ಕದಲ್ಲಿ ಆಸ್ತಿಯೆಂದು ಒಪ್ಪಿಕೊಂಡಂತಾಯಿತು. 12 ವರ್ಷಗಳ ಅನುಭವವಿರುವವರು ಪರೀಕ್ಷೆಗೆ ಕುಳಿತು 'ಸಾಂಪ್ರದಾಯಿಕ ಕುಶಲಕರ್ಮಿ' ಎಂಬ ಬಿರುದು ಪಡೆಯಬಹುದು. ಲೆಕ್ಕಪರಿಶೋಧಕರ ಪರೀಕ್ಷೆಗೂ ಇಷ್ಟು ಕಾಲ ಕಾಯಬೇಕಿಲ್ಲ.

ಇಷ್ಟಾದರೂ ಗಿರಾಕಿ ಮತ್ತೊಮ್ಮೆ ಕೈಬಿಟ್ಟಿದ್ದಾನೆ. 1980ರ ದಶಕದ ಆರಂಭದಲ್ಲಿ ಸುಮಾರು 1.8 ಲಕ್ಷ ಕೋಟಿ ಯೆನ್‌ಗಳಷ್ಟಿದ್ದ ಕಿಮೋನೋದ ಚಿಲ್ಲರೆ ಮಾರುಕಟ್ಟೆ 2010ರ ದಶಕದಲ್ಲಿ ಅದರ ಆರನೆಯ ಒಂದು ಭಾಗದಷ್ಟಕ್ಕೆ ಕುಸಿಯಿತು. ಕಿಮೋನೋ ಉಡದವರಿಗೆ ಓಬಿಜಿಮೆ ಏಕೆ? ಕೈಯಲ್ಲಿ ಹೆಣೆದ ಒಳ್ಳೆಯ ದಾರಕ್ಕೆ ಹತ್ತಾರು ಸಾವಿರ ಯೆನ್ ಕೊಡಬೇಕಾಗುವಾಗ ಯಂತ್ರದ ದಾರ ಅದರ ಸಣ್ಣ ಅಂಶಕ್ಕೇ ದೊರೆಯುತ್ತದೆ.

ಕಲಿಸುವುದೇ ವ್ಯಾಪಾರವಾದಾಗ

ಈ ಸಲ ಬದಲಾದದ್ದು ವಸ್ತುವಲ್ಲ, ವಿದ್ಯೆಯೇ ಮಾರಾಟಕ್ಕೆ ಬಂದಿತು. ದೋಮ್ಯೊ ಸಂಸ್ಥೆ ದಾರ ಮಾರುವುದರ ಜೊತೆಗೆ ತರಗತಿಗಳನ್ನೂ ನಡೆಸುತ್ತದೆ. ಶೋಸೊಯಿನ್‌ನ ಪ್ರಾಚೀನ ದಾರಗಳ ಮರುಸೃಷ್ಟಿಯಲ್ಲಿಯೂ ತೊಡಗಿದೆ. ಅದರ ಕೆಲಸಗಳ ಪ್ರದರ್ಶನ ಇತ್ತೀಚಿನ ವರ್ಷಗಳಲ್ಲಿ ಲಾಸ್ ಏಂಜಲೀಸ್ ಮತ್ತು ಲಂಡನ್ ನಗರಗಳ ಜಪಾನ್ ಹೌಸ್‌ಗಳಲ್ಲಿ ನಡೆಯಿತು. ಹೆಣಿಗೆಯ ವಿದುಷಿ ಮಕಿಕೊ ತದಾ ರೂಪಿಸಿದ, ಅಂಚಿನಲ್ಲಿ ಸೀಳುಗಳಿರುವ ಹಗುರವಾದ ಫೋಮ್ ಬಿಲ್ಲೆ ಕುಮಿಹಿಮೊವನ್ನು ಲೋಕದ ಮೂಲೆಮೂಲೆಗೂ ಒಯ್ದಿತು. ಸಾಮಾನ್ಯವಾಗಿ 32 ಸೀಳುಗಳಿರುವ ಈ ಬಿಲ್ಲೆಯಲ್ಲಿ ತೂಕದ ಕೆಲಸವನ್ನು ಸೀಳಿನ ಬಿಗಿತವೇ ಮಾಡುತ್ತದೆ. ಬಸ್ಸಿನಲ್ಲಿ ಕುಳಿತೂ ಹೆಣೆಯಬಹುದು. 2016ರಲ್ಲಿ ತೆರೆಕಂಡ ಮಕೊತೊ ಶಿಂಕಾಯ್ ನಿರ್ದೇಶನದ 'ಕಿಮಿ ನೊ ನಾ ವಾ' ಎಂಬ ಅನಿಮೇಷನ್ ಚಿತ್ರದಲ್ಲಿ ನಾಯಕಿಯ ಮನೆತನದ ವಿದ್ಯೆಯಾಗಿ ಕುಮಿಹಿಮೊ ಕಾಣಿಸಿಕೊಂಡು, ತರುಣ ಪೀಳಿಗೆಯ ಗಮನ ಅತ್ತ ಹರಿಯಿತು.

ಅರ್ಧ ಗಂಟೆಯಲ್ಲಿ ಕೈಬಳೆಯೊಂದನ್ನು ಹೆಣೆದು ಸಂತೋಷಪಡುವ ಪ್ರವಾಸಿಗೂ ಹನ್ನೆರಡು ವರ್ಷ ಪೀಠದ ಮುಂದೆ ಕೂರುವವರಿಗೂ ಅಂತರ ಬಹಳ. ಪ್ರವಾಸಿಯ ಶುಲ್ಕದಿಂದ ಅಂಗಡಿಯ ಬಾಡಿಗೆ ಸಂದೀತು. ತಕಾದಾಯ್ ಹತ್ತುವವರು ಅದರಿಂದ ತಯಾರಾಗುವರೇ ಎಂಬುದು ಬೇರೆ ಮಾತು. ಆದರೂ ಈ ಹವ್ಯಾಸಿಗಳನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಸ್ವತಃ ಎಂಟೆಳೆ ಹೆಣೆದು ಸೋತವರಿಗೇ ಅರವತ್ತೆಳೆಯ ದಾರದ ಬೆಲೆ ಅರ್ಥವಾಗುವುದು.

ಉದ್ದಿಮೆದಾರರು ಗಮನಿಸಬೇಕಾದ ಇನ್ನೊಂದು ಕವಲು ಇಶಿಕಾವಾ ಪ್ರಾಂತದಲ್ಲಿದೆ. ಅಲ್ಲಿನ ಕೊಮಾತ್ಸು ಸೇಯ್‌ರೆನ್ ಎಂಬ ಜವಳಿ ಸಂಸ್ಥೆ ಸ್ಥಳೀಯ ಕಾಗಾ ಹೆಣಿಗೆಯ ತಂತ್ರವನ್ನು ಬಳಸಿ, ಕಾರ್ಬನ್ ನಾರಿನ ತಿರುಳಿಗೆ ಹೊರಹೊದಿಕೆ ಹೆಣೆದ ಸರಳನ್ನು ತಯಾರಿಸಿತು. 2015ರಲ್ಲಿ ವಾಸ್ತುಶಿಲ್ಪಿ ಕೆಂಗೊ ಕುಮಾ ಇಂತಹ ಸರಳುಗಳನ್ನು ಸುತ್ತಲೂ ಬಿಗಿದು ಆ ಸಂಸ್ಥೆಯ ಹಳೆಯ ಕಟ್ಟಡವನ್ನು ಭೂಕಂಪಕ್ಕೆ ಅಂಜದಂತೆ ಬಲಪಡಿಸಿದರು. ಕವಚದ ಫಲಕಗಳನ್ನು ಹಿಡಿದಿಟ್ಟಿದ್ದ ವಿದ್ಯೆಯ ಬಂಧುವೊಂದು ಈಗ ಗೋಡೆಗಳನ್ನು ಹಿಡಿದಿಟ್ಟಿದೆ.

ರೇಷ್ಮೆಯ ನಂಟು

ಕರ್ನಾಟಕಕ್ಕೂ ಈ ವಿದ್ಯೆಗೂ ನೇರವಾದ ಸಂಬಂಧವಿಲ್ಲ. ಅದರ ಕಚ್ಚಾವಸ್ತುವಿನೊಡನೆ ಇದೆ. 1929ರಲ್ಲಿ ಜಪಾನಿನಲ್ಲಿ ಸುಮಾರು 22 ಲಕ್ಷ ಕುಟುಂಬಗಳು ರೇಷ್ಮೆಹುಳು ಸಾಕುತ್ತಿದ್ದವು. ಈಗ ಅವುಗಳ ಸಂಖ್ಯೆ ಇನ್ನೂರಕ್ಕಿಂತ ಕಡಿಮೆ. ಅಲ್ಲಿ ಬಳಕೆಯಾಗುವ ರೇಷ್ಮೆ ಬಹುಪಾಲು ಹೊರಗಿನಿಂದ ಬರುತ್ತದೆ. ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ತೋಟ ಸ್ಥಾಪಿಸಿದಾಗ ಕರೆತಂದದ್ದು ಜಪಾನೀ ತಜ್ಞರನ್ನು. 1991ರಿಂದ ಮುಂದೆ ಜಪಾನಿನ ಅಂತಾರಾಷ್ಟ್ರೀಯ ಸಹಕಾರ ಸಂಸ್ಥೆಯ ನೆರವಿನಲ್ಲಿ ಕೇಂದ್ರ ರೇಷ್ಮೆ ಮಂಡಳಿ ಕೈಗೊಂಡ ದ್ವಿತಳಿ ರೇಷ್ಮೆಯ ಯೋಜನೆಗೆ ಮೈಸೂರಿನ ಸಂಶೋಧನಾ ಸಂಸ್ಥೆ ಮುಖ್ಯ ನೆಲೆಯಾಯಿತು. ಕುಮಿಹಿಮೊಗೆ ಬೇಕಾದದ್ದು ದ್ವಿತಳಿ ಗೂಡಿನಿಂದ ಬಿಚ್ಚಿದ, ಅಂಟು ತೆಗೆದ, ಹೊಳಪು ಕೆಡದ ಇಂತಹ ನೂಲೇ. ಸೀರೆಯ ಮಗ್ಗಕ್ಕಷ್ಟೇ ನೂಲು ಕೊಟ್ಟು ರೂಢಿಯಾದವರು ಹೆಣಿಗೆಗೆಂದೇ ಉದ್ದ ಕತ್ತರಿಸಿ, ಬಣ್ಣ ಹಾಕಿ, ಸಣ್ಣ ಕಟ್ಟುಗಳಲ್ಲಿ ಮಾರುವುದನ್ನು ಆಲೋಚಿಸಿದರೆ ದೇಶವಿದೇಶಗಳ ಹವ್ಯಾಸಿಗಳೇ ಗಿರಾಕಿಗಳಾಗಬಲ್ಲರು. ಪ್ರಮಾಣ ಚಿಕ್ಕದಿರಬಹುದು, ಆದರೆ ಕಿಲೋ ಲೆಕ್ಕದಲ್ಲಿ ಮಾರುವ ನೂಲಿಗೂ ಗ್ರಾಂ ಲೆಕ್ಕದಲ್ಲಿ ಮಾರುವ ನೂಲಿಗೂ ಸಿಗುವ ಬೆಲೆ ಒಂದೇ ಅಲ್ಲ.

ಕೈಯಾರೆ ನೋಡಬಯಸುವವರಿಗೆ ಬಂಡವಾಳ ಹೆಚ್ಚೇನೂ ಬೇಡ. ಗಟ್ಟಿ ರಟ್ಟಿನ ದುಂಡು ಬಿಲ್ಲೆ, ನಡುವೆ ಹೆಬ್ಬೆರಳು ತೂರುವಷ್ಟು ರಂಧ್ರ, ಅಂಚಿನಲ್ಲಿ ಸಮದೂರದ 32 ಸೀಳುಗಳು. ಬೇಕಾದ ಉದ್ದದ ಎರಡರಷ್ಟು ಕತ್ತರಿಸಿದ ಎಂಟು ಎಳೆಗಳ ತುದಿಗಳನ್ನು ಒಟ್ಟಿಗೆ ಗಂಟುಹಾಕಿ ರಂಧ್ರದಲ್ಲಿ ಇಳಿಬಿಡಬೇಕು. ನಾಲ್ಕು ದಿಕ್ಕಿಗೂ ಎರಡೆರಡರಂತೆ ಎಳೆಗಳನ್ನು ಸೀಳುಗಳಲ್ಲಿ ಸಿಕ್ಕಿಸಬೇಕು. ಮೊದಲ ಸಲಕ್ಕೆ ರೇಷ್ಮೆ ಬೇಡ, ಅದು ಜಾರುತ್ತದೆ. ದಪ್ಪನೆಯ ಹತ್ತಿಯ ದಾರ ಸಾಕು, ಮತ್ತು ಎದುರುಬದುರಿನ ದಿಕ್ಕುಗಳಿಗೆ ಬೇರೆ ಬೇರೆ ಬಣ್ಣವಿದ್ದರೆ ತಪ್ಪು ಬೇಗ ಕಾಣುತ್ತದೆ.